ಅಮ್ಮ ಒಬ್ರೇ ಅಮೆರಿಕಕ್ಕೆ ಹೊರಟಿದಾರೆ, ದಾರಿಲಿ ಗುರುತಿಲ್ದೋರನ್ನ ನಂಬ್ಬೋದಾ?

ತುಂಗಾತೀರ:
ಎಲ್ರಿಗೂ ನಮಸ್ಕಾರ. ಅಕ್ಕನ ಬಾಣಂತನಕ್ಕೆ ಅಂತ ಅಮ್ಮ ಮುಂದಿನ ತಿಂಗಳು ಚಿಕಾಗೋಗೆ ಹೊರಟಿದಾರೆ, ಒಬ್ರೇ. ಅಪ್ಪಂಗೆ ಅಡಿಕೆ ಕೊಯ್ಲು ಬಿಟ್ಟು ಬರೋ ಹಂಗಿಲ್ಲ, ನಂಗೆ ವೀಸಾ ಆಗಿಲ್ಲ. ತೀರ್ಥಹಳ್ಳಿ ಕಡೆಯೋರು ನಾವು, ಅಮ್ಮ ಒಬ್ರೇ ಬಸ್ ಹತ್ತಿ ಹೋಗಿದ್ದು ಅಂದ್ರೆ ಶಿವಮೊಗ್ಗಕ್ಕೆ, ಧರ್ಮಸ್ಥಳಕ್ಕೆ, ಅಷ್ಟೇ. ಕನ್ನಡ ಬಿಟ್ರೆ ಟಿವಿ ನೋಡಿ ಕಲ್ತ ಸ್ವಲ್ಪ ಹಿಂದಿ ಬರ್ತದೆ. ಬೆಂಗಳೂರಿಂದ ದೋಹಾ, ಅಲ್ಲಿ ವಿಮಾನ ಬದಲಾಯಿಸಿ ಚಿಕಾಗೋ.

ವಿಷಯ ಗೊತ್ತಾದಾಗಿಂದ ಮನೆಗೆ ಬಂದೋರೆಲ್ಲ ಒಂದೊಂದು ಹೆದರಿಕೆ ಹೇಳಿ ಕಾಫಿ ಕುಡ್ದು ಹೋಗ್ತಿದಾರೆ. ಯಾರ ಹತ್ರನೂ ಮಾತಾಡ್ಬೇಡ, ಯಾರು ಕೊಟ್ರೂ ತಿನ್ಬೇಡ, ಪರ್ಸ್ ಬಿಟ್ಟು ಕೈ ತೆಗೀಬೇಡ. ಕೇಳೀ ಕೇಳೀ ಅಮ್ಮ ಈಗ ಹೋಗೋದೇ ಬೇಡ ಅಂತ ಕೂತಿದಾರೆ. ನಂಗೆ ಅನ್ಸೋದು ಏನಂದ್ರೆ ಭಾಷೆ ಬರದೆ ಇರೋರು ಅಷ್ಟು ದೂರ ಹೋಗೋದು ಗುರುತಿಲ್ದೋರ ಸಹಾಯದಿಂದ್ಲೇ, ಅದನ್ನೇ ಬೇಡ ಅಂದ್ರೆ ಹೆಂಗೆ? ಹೊರದೇಶ ಓಡಾಡಿದೋರು ನಿಮಗೇ ಆಗಿದ್ದನ್ನ ಹೇಳಿ. ಒಳ್ಳೇದೂ ಇರ್ಲಿ ಕೆಟ್ಟದ್ದೂ ಇರ್ಲಿ. ರಾತ್ರಿ ಊಟ ಆದ್ಮೇಲೆ ಅಮ್ಮಂಗೆ ಓದಿ ಹೇಳ್ತೀನಿ.

ಆಗುಂಬೆ ಮಳೆ:
ನಂಬ್ಬೋದು. ಕಣ್ಮುಚ್ಚಿ ಕಳ್ಸಿ.

ಗಾಡಿಕೊಪ್ಪದವ:
ಕಣ್ಮುಚ್ಚಿ ಎಲ್ಲ ಕಳ್ಸೋಕೆ ಹೋಗ್ಬೇಡಿ ಮಾರಾಯ್ರೆ. ಪ್ಯಾರಿಸ್‌ನಲ್ಲಿ ಗುಡ್ಡದ ಮೇಲೊಂದು ದೊಡ್ಡ ಬಿಳಿ ಚರ್ಚ್ ಇದೆ, ಸಾಕ್ರೆ ಕೋರ್ ಅಂತ. ಅದರ ಮೆಟ್ಲ ಹತ್ರ ನಗ್ತಾ ನಗ್ತಾ ಬಂದು ಕೈಗೆ ದಾರ ಕಟ್ಟೇ ಬಿಡ್ತಾರೆ, ಬಿಚ್ಚೋಕೆ ಬರಲ್ಲ, ಆಮೇಲೆ ಯೂರೋ ಕೊಡು ಅಂತ ಸುತ್ತ ನಿಂತ್ಕೋತಾರೆ. ಬ್ಯಾಂಕಾಕಲ್ಲಿ ಅರಮನೆ ಹೊರಗೆ ಟಿಪ್‌ಟಾಪಾಗಿರೋ ಮನುಷ್ಯ ಬಂದು 'ಇವತ್ತು ಅರಮನೆ ರಜೆ, ಬೇರೆ ದೇವಸ್ಥಾನ ತೋರಿಸ್ತೀನಿ' ಅಂತ ಟುಕ್‌ಟುಕ್ ಹತ್ತಿಸಿ ಹರಳಿನ ಅಂಗಡಿಗೆ ತಂದು ಬಿಡ್ತಾನೆ. ಅರಮನೆ ಅಲ್ಲಿ ಬಾಗ್ಲು ತೆಗ್ದೇ ಇರತ್ತೆ. ಬೀಜಿಂಗ್, ಶಾಂಘೈನಲ್ಲಿ ಇಂಗ್ಲಿಷ್ ಪ್ರಾಕ್ಟೀಸ್ ಮಾಡ್ಬೇಕು ಅಂತ ಟೀ ಕುಡಿಯೋಕೆ ಕರ್ಕೊಂಡು ಹೋಗಿ ಸಾವಿರಗಟ್ಲೆ ಬಿಲ್ ಕೈಗಿಡ್ತಾರೆ. ಎಲ್ಲರೂ ಸಹಾಯ ಮಾಡೋ ಮುಖ ಇಟ್ಕೊಂಡೇ ಬರೋದು. ಅಮ್ಮಂಗೆ ಇದನ್ನೂ ಓದಿ ಹೇಳಿ.

ಕವಲೇದುರ್ಗ:
ಗಾಡಿಕೊಪ್ಪದವರು ಹೇಳಿದ್ದು ಪೂರ್ತಿ ನಿಜ, ಆದ್ರೆ ಒಂದು ನೋಡಿ, ಅವರು ಹೇಳಿದ ಮೂರರಲ್ಲೂ ಆ ಮನುಷ್ಯ ತಾನಾಗಿ ಬಂದಿದ್ದು, ಟೂರಿಸ್ಟ್ ಜಾಗದಲ್ಲಿ. ಗಾಳ ಹಾಕ್ಕೊಂಡು ಕಾಯೋನು ಅಲ್ಲೇ ಕಾಯ್ತಾನೆ. ಅದೇ ನಾವಾಗಿ ನಿಂತು ಸುತ್ತ ನೋಡಿ ಒಬ್ರನ್ನ ಆರಿಸ್ಕೊಂಡು ಕೇಳಿದ್ರೆ ಆ ಮನುಷ್ಯ ಕಳ್ಳನೇ ಆಗಿರೋದು ಬಹಳ ಕಮ್ಮಿ. ಊರಲ್ಲಿ ಇರೋ ಸಾವಿರ ಜನದಲ್ಲಿ ಕೆಟ್ಟೋರು ಎಷ್ಟು ಜನ ಇದ್ದಾರು? ನಾನು ಕೆಲಸದ ಮೇಲೆ ಆಫ್ರಿಕಾ, ಯುರೋಪ್ ಎಲ್ಲ ಓಡಾಡ್ತೀನಿ, ಹೋದಲ್ಲೆಲ್ಲ ಇದೊಂದೇ ಪಾಲಿಸೋದು. ಸಹಾಯ ಬೇಕಾದ್ರೆ ನಾನೇ ಕೇಳೋದು, ಕೇಳದೆ ಬಂದ ಸಹಾಯಕ್ಕೆ ನಮಸ್ಕಾರ ಹೇಳಿ ಮುಂದೆ ಹೋಗೋದು.

ಅಮ್ಮಂಗೆ ಹೇಳಿ: ಮಕ್ಕಳನ್ನ ಎತ್ಕೊಂಡಿರೋರು, ವಯಸ್ಸಾದ ಹೆಂಗಸ್ರು, ಯೂನಿಫಾರ್ಮ್ ಹಾಕಿದ ಕೌಂಟರಿನವರು, ಔಷಧಿ ಅಂಗಡಿಯವರು. ಇವರನ್ನ ಕೇಳಿ, ಧೈರ್ಯವಾಗಿ ಕೇಳಿ.

ಕೊಪ್ಪದ ಕಾಫಿ:
ಕವಲೇದುರ್ಗ ಸರ್, ನಿಮ್ಮ ಮಾತು ಅರ್ಧ ಒಪ್ತೀನಿ, ಅರ್ಧ ಒಪ್ಪಲ್ಲ. ನಂಗೆ ಸಿಕ್ಕ ದೊಡ್ಡ ಸಹಾಯ ಕೇಳದೇನೇ ಬಂದಿದ್ದು.

ಜಾರ್ಜಿಯಾ ದೇಶಕ್ಕೆ ಒಬ್ಳೇ ಹೋಗಿದ್ದೆ, ಅಮೆರಿಕದ ಜಾರ್ಜಿಯಾ ಅಲ್ಲ, ಕಾಕಸಸ್ ಬೆಟ್ಟದ ಕಡೆಯದು. ರಾಜಧಾನಿ ಟಿಬಿಲಿಸಿಲಿ ದಿದುಬೆ ಅಂತ ಬಸ್‌ಸ್ಟ್ಯಾಂಡ್ ಇದೆ, ಅಲ್ಲಿಂದ ಕಜ್‌ಬೇಗಿಗೆ ಮಾರ್ಶ್ರುತ್ಕಾ ಅನ್ನೋ ಮಿನಿ ಬಸ್ ಹೋಗತ್ತೆ, ನಮ್ಮ ಕೊಪ್ಪ ಶೃಂಗೇರಿ ಮಧ್ಯ ಓಡೋ ಟೆಂಪೋ ಟ್ರಾವೆಲರ್ ಸೈಜಿಂದು. ಬೋರ್ಡೆಲ್ಲ ಅವರ ಲಿಪಿಲಿ, ಒಂದಕ್ಷರ ಗೊತ್ತಾಗಲ್ಲ. ನಾನು ಬಸ್ಸುಗಳ ಮಧ್ಯೆ ತಿರುಗ್ತಾ ಇದ್ದಿದ್ದನ್ನ ನೋಡಿ ತಲೆಗೆ ಕರಿ ಬಟ್ಟೆ ಕಟ್ಟಿದ್ದ ಅಜ್ಜಿ ಒಬ್ರು ಬಂದು ಕೈ ಹಿಡ್ಕೊಂಡ್ರು. ಮಾತಿಲ್ಲ ಕತೆಯಿಲ್ಲ, ಕೈ ಹಿಡ್ಕೊಂಡು ಎಳ್ಕೊಂಡೇ ಹೋದ್ರು. ಭಯ ಆಯ್ತು, ಸುಳ್ಳು ಹೇಳಲ್ಲ. ಸರಿಯಾದ ಬಸ್ಸಿಗೆ ಹತ್ತಿಸಿ, ಕಿಟಕಿ ಪಕ್ಕ ಕೂರಿಸಿ, ಡ್ರೈವರಿಗೆ ಬೈದಂಗೆ ಏನೋ ಹೇಳಿ, ಚೀಲದಿಂದ ಬಿಸಿ ಬ್ರೆಡ್ಡು ಮುರಿದು ಅರ್ಧ ನಂಗೆ ಕೊಟ್ಟು ಇಳ್ದು ಹೋದ್ರು. ಅವರು ಆ ಬಸ್ಸಿಗೆ ಬರೋರೇ ಅಲ್ಲ! ಡ್ರೈವರ್ ದಾರಿ ಉದ್ದಕ್ಕೂ ಕನ್ನಡೀಲಿ ನನ್ನ ನೋಡ್ತಾ ಇದ್ದ, ನಿಲ್ಸಿದಾಗೆಲ್ಲ ಕೈಸನ್ನೆಲಿ ಇನ್ನೂ ಬಂದಿಲ್ಲ ಅಂತ ಹೇಳ್ತಿದ್ದ, ಕೊನೆಗೆ ನನ್ನ ಗೆಸ್ಟ್‌ಹೌಸ್ ಬಾಗ್ಲಲ್ಲೇ ಇಳಿಸಿದ.

ತಾವಾಗಿ ಬಂದೋರನ್ನೆಲ್ಲ ದೂರ ಇಡ್ಬೇಕು ಅಂದ್ರೆ ಆ ಅಜ್ಜಿ ನಂಗೆ ಸಿಗ್ತಿರ್ಲಿಲ್ಲ.

ಕವಲೇದುರ್ಗ:
ಕೊಪ್ಪದವರೇ, ಆ ಅಜ್ಜಿ ನಿಮ್ಮನ್ನ ಎಲ್ಲಿಗೆ ಕರ್ಕೊಂಡು ಹೋದ್ರು? ನೀವು ಹೋಗ್ಬೇಕಿದ್ದ ಬಸ್ಸಿಗೆ, ನೂರಾರು ಜನ ಇರೋ ಜಾಗದಲ್ಲಿ. ನಾನು ಹೇಳೋದು ಇಷ್ಟೇ, ನಿಮ್ಮ ದಾರಿ ತಪ್ಪಿಸಿ ಬೇರೆ ಕಡೆ ಕರೆಯೋರಿಗೆ ಬೇಡ ಅನ್ನಿ. ನಿಮ್ಮ ದಾರಿಗೇ ತಂದು ಬಿಡೋರಿಗೆ ಯಾಕೆ ಬೇಡ ಅನ್ನೋಣ.

ಕೊಪ್ಪದ ಕಾಫಿ:
ಇದು ಒಪ್ಪಿದೆ. ಹೀಗೆ ಹೇಳಿ ಮತ್ತೆ.

ಪೇಪರ್‌ಟೌನ್ ಹುಡುಗ:
ಭದ್ರಾವತಿಯವ ನಾನು, ಸೌದಿಲಿ ಇದೀನಿ. ದಮ್ಮಾಮಿಂದ ರಿಯಾದಿಗೆ ಬರ್ತಾ ಹೈವೇಲಿ ಗಾಡಿ ಕೆಟ್ಟು ನಿಂತ್ತು, ಜುಲೈ ತಿಂಗಳು, ಹೊರಗೆ ನಿಂತ್ರೆ ಚಪ್ಪಲಿ ಸುಡತ್ತೆ. ಒಂದು ಟ್ಯಾಂಕರ್ ನಿಲ್ಸಿ ಇಳ್ದ ಡ್ರೈವರ್ ಪೆಶಾವರದ ಪಠಾಣ. ಇಂಡಿಯಾದವ ಅಂದೆ, ಹಿಂದೆ ಮುಂದೆ ನೋಡ್ಲಿಲ್ಲ. ನೀರು ಕೊಟ್ಟ, ಬೆಲ್ಟ್ ಹೋಗಿದೆ ಅಂತ ಅವನೇ ಬಗ್ಗಿ ನೋಡಿ ಹೇಳ್ದ, ಮುಂದಿನ ಪೆಟ್ರೋಲ್ ಬಂಕ್ ತನಕ ಕೂರಿಸ್ಕೊಂಡು ಹೋಗಿ ಮೆಕ್ಯಾನಿಕ್ ಹತ್ರ ರೇಟ್ ಮಾತಾಡಿ ಕೊಟ್ಟೇ ಹೋದ. ದುಡ್ಡು ಕೊಡೋಕೆ ಹೋದ್ರೆ ಸಿಟ್ಟು ಮಾಡ್ಕೊಂಡ. ಪಠಾಣರಲ್ಲಿ ಮನೆಬಾಗ್ಲಿಗೆ ಬಂದವನಿಗೆ ಯಾರು ಏನು ಕೇಳದೆ ಅನ್ನ, ಜಾಗ ಕೊಡೋದು ಒಂದು ಕಟ್ಟಳೆನೇ ಅಂತೆ, ಅವನು ರೋಡಲ್ಲೂ ಅದನ್ನ ಬಿಡ್ಲಿಲ್ಲ. ಟಿವಿಲಿ ದಿನಾ ನೋಡೋದೇ ಬೇರೆ, ಆ ರೋಡಲ್ಲಿ ನಾ ಕಂಡಿದ್ದೇ ಬೇರೆ.

ಗಾಡಿಕೊಪ್ಪದವ:
ಇದು ಓದಿ ಖುಷಿಯಾಯ್ತು ಗುರು.

ಜೋಗದ ದಾರಿ:
ತುಂಗಾತೀರ, ಕತೆ ಆಮೇಲೆ, ಮೊದ್ಲು ಅಮ್ಮಂಗೆ ವೀಲ್‌ಚೇರ್ ಬುಕ್ ಮಾಡಿ. ಟಿಕೆಟ್ ಮಾಡಿದ ಏರ್‌ಲೈನ್‌ಗೆ ಫೋನ್ ಮಾಡಿ ಹೇಳಿದ್ರೆ ಸಾಕು, ದುಡ್ಡಿಲ್ಲ. ಬೆಂಗಳೂರಿಂದ ಚಿಕಾಗೋಲಿ ಅಕ್ಕನ ಕೈಗೆ ಒಪ್ಸೋ ತನಕ ಅವರೇ ತಳ್ಕೊಂಡು ಹೋಗ್ತಾರೆ. ನಮ್ಮತ್ತೆ ಮಾವ ಪ್ರತಿ ಸಲ ಹಿಂಗೇ ಹೋಗೋದು.

ಮೂರ್ಕೈ:
ಅಮ್ಮಂಗೆ ಮಂಡಿನೋವು ಏನಾದ್ರೂ ಇದ್ಯಾ? ಇಲ್ಲ ಅಂದ್ರೆ ದಯವಿಟ್ಟು ಹಂಗೆ ಮಾಡ್ಬೇಡಿ. ನಮ್ಮಪ್ಪಂಗೆ ನಿಜವಾಗ್ಲೂ ನಡಿಯೋಕಾಗಲ್ಲ. ಇಳ್ದಾಗ ಬಾಗ್ಲಲ್ಲಿ ಸಾಲಾಗಿ ವೀಲ್‌ಚೇರ್ ಕಾಯೋರು ಇದ್ರು, ಅರ್ಧಕ್ಕಿಂತ ಹೆಚ್ಚು ಜನ ಆಮೇಲೆ ಎದ್ದು ನಡ್ಕೊಂಡು ಹೋಗಿ ಬ್ಯಾಗ್ ಎತ್ಕೊಂಡ್ರು. ಅಪ್ಪ ವಿಮಾನದಲ್ಲೇ ಬಹಳ ಹೊತ್ತು ಕೂತಿದ್ರು. ಭಾಷೆ ಬರಲ್ಲ ಅನ್ನೋ ಕಾರಣಕ್ಕೆ ಕಾಲಿಲ್ದೋರ ಕುರ್ಚಿ ತಗೊಳ್ಳೋದು ಸರಿ ಅಲ್ಲ.

ಜೋಗದ ದಾರಿ:
ಕಾಲು ಗಟ್ಟಿ ಇದ್ರೂ ದಾರಿ ಗೊತ್ತಿಲ್ದೆ ಫ್ಲೈಟ್ ತಪ್ಪಿದ್ರೆ ಯಾರು ಜವಾಬ್ದಾರಿ? ಆ ವಯಸ್ಸಲ್ಲಿ ಇಂಗ್ಲಿಷ್ ಬರದೆ ಇರೋರು ಆ ಗಾಬರಿಲಿ ಏನು ಮಾಡ್ಬೇಕು ಹೇಳಿ.

ಮೂರ್ಕೈ:
ಭಾಷೆ ಬರದ ಹಿರಿಯರನ್ನ ಕೈ ಹಿಡ್ದು ಕರ್ಕೊಂಡು ಹೋಗೋ ಸಹಾಯ ಬೇರೆನೇ ಸಿಗತ್ತೆ, ಮೀಟ್ ಆಂಡ್ ಅಸಿಸ್ಟ್ ಅಂತಾರೆ. ಕೆಲವು ಕಡೆ ದುಡ್ಡು ತಗೋತಾರೆ, ಕೆಲವು ಏರ್‌ಲೈನ್ ಹಾಗೇ ಕೊಡತ್ತೆ. ಕೇಳಿ ನೋಡಿ. ಮತ್ತೆ ವೀಲ್‌ಚೇರ್ ತಗೊಂಡೋರು ಅಮೆರಿಕದಲ್ಲಿ ತಳ್ಳೋರಿಗೆ ಐದೋ ಹತ್ತೋ ಡಾಲರ್ ಕೈಗಿಡಿ, ಅವರ ಸಂಬಳ ಕಮ್ಮಿ, ಟಿಪ್ಸ್ ಮೇಲೇ ನಡಿಯೋದು. ಚಿಲ್ಲರೆ ನೋಟು ಮೊದ್ಲೇ ಇಟ್ಕೊಂಡಿರ್ಬೇಕು.

ತುಂಗಾತೀರ:
ಅಮ್ಮನ ಮಂಡಿ ಗಟ್ಟಿ ಇದೆ, ಗುಡ್ಡದ ತೋಟಕ್ಕೆ ದಿನಾ ಹತ್ತಿ ಇಳೀತಾರೆ. ಹಂಗಾಗಿ ಮೂರ್ಕೈ ಅವರು ಹೇಳಿದ್ದನ್ನೇ ವಿಚಾರಿಸ್ತೀನಿ. ಜೋಗದ ದಾರಿ ಅಣ್ಣ ಬೇಜಾರಾಗ್ಬೇಡಿ.

ರಿಪ್ಪನ್‌ಪೇಟೆ:
ದೋಹಾದಲ್ಲಿ ಒಂದು ಗುರುತು ಹೇಳಿಕೊಡಿ. ಡ್ಯೂಟಿ ಫ್ರೀ ಹಾಲ್ ನಡು ಮಧ್ಯ ಎರಡಾಳು ಎತ್ತರಕ್ಕಿಂತ ದೊಡ್ಡದು ಹಳದಿ ಕರಡಿ ಗೊಂಬೆ ಕೂತಿದೆ, ತಲೆಗೆ ದೀಪ ಚುಚ್ಚಿದಂಗೆ. ಯಾರನ್ನ ಕೇಳಿದ್ರೂ ಅದನ್ನ ತೋರಿಸ್ತಾರೆ. ಅಲ್ಲಿಂದ ಎಲ್ಲ ಗೇಟಿಗೂ ದಾರಿ. ಅಮೆರಿಕಕ್ಕೆ ಹೋಗೋ ವಿಮಾನಕ್ಕೆ ಗೇಟ್ ಹತ್ರ ಇನ್ನೊಂದ್ಸಲ ಚೆಕಿಂಗ್ ಇರತ್ತೆ, ಅದಕ್ಕೆ ಬೇಗ ಹೋಗಿ ಕೂರ್ಬೇಕು. ದೋಹಾದಲ್ಲಿ ಕೆಲಸ ಮಾಡೋರಲ್ಲಿ ನೇಪಾಳದೋರು, ಕೇರಳದೋರು ತುಂಬ ಜನ, ಅಮ್ಮನ ಟಿವಿ ಹಿಂದಿ ಅಲ್ಲಿ ಚೆನ್ನಾಗಿ ನಡಿಯತ್ತೆ. ನೇಪಾಳಿ ಹುಡುಗ್ರು ಅಮ್ಮಂದಿರನ್ನ ಕಂಡ್ರೆ ತಮ್ಮ ಅಮ್ಮನ್ನ ಕಂಡಂಗೆ ಮಾಡ್ತಾರೆ, ನಾನೇ ನೋಡಿದೀನಿ.

ಮತ್ತೆ ಒಂದು ಕಾಗದದಲ್ಲಿ ಇಂಗ್ಲಿಷಲ್ಲಿ ದೊಡ್ಡಕ್ಷರದಲ್ಲಿ ಬರೆದು ಕೊಡಿ: ನಂಗೆ ಕನ್ನಡ ಮಾತ್ರ ಬರೋದು, ನಾನು ಈ ವಿಮಾನಕ್ಕೆ ಹೋಗ್ಬೇಕು, ಮಗಳ ಫೋನ್ ನಂಬರ್ ಇದು. ಬಾಯಿ ಬರದಿದ್ರೂ ಕಾಗದ ತೋರಿಸಿದ್ರೆ ಜನ ಬಿಟ್ಟು ಹೋಗಲ್ಲ. ಚಿಕಾಗೋ ಇಮಿಗ್ರೇಷನ್ನಲ್ಲೂ ಅದನ್ನೇ ತೋರಿಸ್ಲಿ, ದುಭಾಷಿ ಬೇಕು ಅಂತ ಕೇಳೋಕೂ ಆಗತ್ತೆ.

ಲೆಕ್ಕದ ಮೇಷ್ಟ್ರು:
ನಂಬ್ಬೋದಾ ಇಲ್ವಾ ಅನ್ನೋದಕ್ಕೆ ಒಂದು ಲೆಕ್ಕ ಇದೆ ಕೇಳಿ. 2019ರಲ್ಲಿ ಸೈನ್ಸ್ ಪತ್ರಿಕೆಲಿ ಒಂದು ಅಧ್ಯಯನ ಬಂತು. 40 ದೇಶದ 355 ಊರಲ್ಲಿ 17,000ಕ್ಕೂ ಹೆಚ್ಚು ಪರ್ಸ್‌ಗಳನ್ನ ಹೋಟೆಲು, ಬ್ಯಾಂಕು, ಪೊಲೀಸ್ ಸ್ಟೇಷನ್, ಪೋಸ್ಟಾಫೀಸು ಇಂಥ ಕಡೆ ಕೌಂಟರಲ್ಲಿ ಕೊಟ್ಟು 'ರೋಡಲ್ಲಿ ಸಿಕ್ತು, ನೋಡ್ಕೊಳಿ' ಅಂತ ಹೇಳಿ ಹೋದ್ರು. ಕೆಲವದರಲ್ಲಿ ದುಡ್ಡಿತ್ತು, ಕೆಲವದರಲ್ಲಿ ಇಲ್ಲ. ಎಲ್ಲದರಲ್ಲೂ ಯಜಮಾನನ ಇಮೇಲ್ ಇತ್ತು. ದುಡ್ಡಿಲ್ದೆ ಇದ್ದಿದ್ದಕ್ಕೆ ಸುಮಾರು 40% ಜನ ಯಜಮಾನನಿಗೆ ತಿಳಿಸಿದ್ರು, ದುಡ್ಡಿದ್ದಿದ್ದಕ್ಕೆ 51%. ಅಂದ್ರೆ ದುಡ್ಡು ಇದ್ರೆ ಇನ್ನೂ ಜಾಸ್ತಿ ವಾಪಸ್ ಬರತ್ತೆ! ಅರ್ಥಶಾಸ್ತ್ರ ಓದಿದೋರೇ ಉಲ್ಟಾ ಆಗತ್ತೆ ಅಂತ ಅಂದ್ಕೊಂಡಿದ್ರು. ಜನ ತಾನು ಕಳ್ಳ ಅನ್ನಿಸ್ಕೊಳ್ಳೋಕೆ ಇಷ್ಟ ಪಡಲ್ಲ, ತನ್ನ ಕಣ್ಣಿಗೆ ತಾನೇ ಕೂಡ.

ಗಾಡಿಕೊಪ್ಪದವ:
ಮೇಷ್ಟ್ರೆ 51% ಅಂದ್ರೆ ಬಾಕಿ 49% ವಾಪಸ್ ಬಂದಿಲ್ಲ ಅಂತಾನೂ ಆಯ್ತಲ್ಲ.

ಲೆಕ್ಕದ ಮೇಷ್ಟ್ರು:
ಆಯ್ತು. ಆದ್ರೆ ಆ 49%ರಲ್ಲಿ ಎಲ್ಲರೂ ಕದ್ದಿದಾರೆ ಅಂತಲ್ಲ, ಮರ್ತೋರು, ಸೋಮಾರಿಗಳು, ಇಮೇಲ್ ಮಾಡೋಕೆ ಬರದೋರೂ ಸೇರಿರ್ತಾರೆ. ಅದೂ ಅಲ್ದೆ ಕೌಂಟರಲ್ಲಿ ಬಿಟ್ಟ ಪರ್ಸ್ ಬೇರೆ, ಎದುರಿಗೆ ನಿಂತು ಕಣ್ಣಲ್ಲಿ ಕಣ್ಣಿಟ್ಟು ಕೇಳೋ ಮನುಷ್ಯ ಬೇರೆ. ಎದುರಿಗೆ ನಿಂತ ತಾಯಿಗೆ ಇಲ್ಲ ಅನ್ನೋದು ಕಷ್ಟ.

ಹೊಸನಗರ ಎಂಜಿನಿಯರ್:
ಪರ್ಸ್ ಅಂದ್ರೆ ಜಪಾನ್ ಹೇಳ್ಲೇಬೇಕು. ಒಸಾಕಾದಲ್ಲಿ ಲೋಕಲ್ ಟ್ರೈನಲ್ಲಿ ನನ್ನ ಫ್ರೆಂಡ್ ಬ್ಯಾಗ್ ಬಿಟ್ಟು ಇಳ್ದ, ಪಾಸ್‌ಪೋರ್ಟ್ ಅದ್ರಲ್ಲೇ. ಪ್ಲಾಟ್‌ಫಾರ್ಮ್ ಪಕ್ಕ ಒಬ್ಬ ಆಫೀಸಿಗೆ ಹೋಗೋ ಮನುಷ್ಯ ನಮ್ಮ ಮುಖ ನೋಡಿ ಅವನ ಕೆಲಸ ಬಿಟ್ಟು ಸ್ಟೇಷನ್ ಮಾಸ್ಟರ್ ಹತ್ರ ಕರ್ಕೊಂಡು ಹೋಗಿ ಎಲ್ಲ ವಿವರಿಸ್ದ, ಸಿಗೋ ತನಕ ಕೂತ. ಕೊನೇ ಸ್ಟೇಷನ್ನಲ್ಲಿ ಬ್ಯಾಗ್ ಹಾಗೇ ಸಿಕ್ತು. ಅಲ್ಲಿ ಬೀದಿ ಬೀದಿಗೆ ಕೋಬಾನ್ ಅಂತ ಪುಟ್ಟ ಪೊಲೀಸ್ ಚೌಕಿ ಇರತ್ತೆ, ಸಿಕ್ಕಿದ್ದೆಲ್ಲ ಜನ ಅಲ್ಲಿಗೆ ತಂದು ಕೊಡ್ತಾರೆ. ಅದಕ್ಕೆ ಕಾನೂನೂ ಇದೆ. ತಂದು ಕೊಟ್ಟೋರಿಗೆ ವಸ್ತು ಬೆಲೆಯ 5ರಿಂದ 20% ಬಹುಮಾನ ಕೇಳೋ ಹಕ್ಕಿದೆ, ಮೂರು ತಿಂಗಳಾದ್ರೂ ಯಾರೂ ಬರದಿದ್ರೆ ಸಿಕ್ಕಿದವನಿಗೇ ಸೇರತ್ತೆ, ಫೋನು ಐಡಿ ಕಾರ್ಡು ಇಂಥವು ಬಿಟ್ಟು. ಬರೀ ಒಳ್ಳೇತನದ ಮೇಲೆ ಬಿಟ್ಟಿಲ್ಲ, ಒಳ್ಳೇದು ಮಾಡೋದನ್ನ ಸುಲಭ ಮಾಡಿಟ್ಟಿದಾರೆ. ನಮ್ಮಲ್ಲಿ ಸಿಕ್ಕಿದ್ದನ್ನ ಸ್ಟೇಷನ್ನಿಗೆ ಕೊಡೋಕೆ ಹೋದ್ರೆ ಮೊದ್ಲು ನಿನಗೆ ಹೆಂಗೆ ಸಿಕ್ತು ಅಂತ ಕೇಳ್ತಾರೇನೋ ಅನ್ನೋ ಹೆದರಿಕೆಲೇ ಜನ ಹೋಗಲ್ಲ.

ಆ ಮನುಷ್ಯಂಗೆ ಊರಿಂದ ತಂದಿದ್ದ ತೊಡದೇವು ಕೊಟ್ವಿ. ಎರಡೂ ಕೈಲಿ ಇಸ್ಕೊಂಡು ಬಗ್ಗಿ ನಮಸ್ಕಾರ ಮಾಡಿದ, ನಾವೂ ಬಗ್ಗಿದ್ವಿ, ಅವನು ಇನ್ನೂ ಬಗ್ಗಿದ.

ಸೊರಬ ಸ್ಟೂಡೆಂಟ್:
ಜರ್ಮನಿಲಿ ಓದ್ತಿದೀನಿ. ಇಲ್ಲಿ ಜನ ಮುಖ ಬಿಗಿ, ತಾವಾಗಿ ಮಾತಾಡ್ಸಲ್ಲ, ಮೊದ್ಲು ಬಂದಾಗ ಎಲ್ರಿಗೂ ಬೇಜಾರಾಗತ್ತೆ. ಆದ್ರೆ ರೈಲ್ವೆ ಸ್ಟೇಷನ್ನಲ್ಲಿ ಬಾನ್‌ಹೋಫ್ಸ್‌ಮಿಸಿಯೋನ್ ಅಂತ ಒಂದು ರೂಮ್ ಇರತ್ತೆ, ನೂರರ ಹತ್ರ ಸ್ಟೇಷನ್ನಲ್ಲಿದೆ. 1894ರಲ್ಲಿ ಬರ್ಲಿನ್‌ನಲ್ಲಿ ಶುರುವಾಗಿದ್ದು, ಹಳ್ಳಿಯಿಂದ ಕೆಲಸ ಹುಡ್ಕೊಂಡು ಒಬ್ಬೊಬ್ಬರೇ ಬರ್ತಿದ್ದ ಹುಡುಗೀರು ಮೋಸಗಾರರ ಕೈಗೆ ಸಿಗಬಾರ್ದು ಅಂತ. ಈಗ ಯಾರು ಬೇಕಾದ್ರೂ ಹೋಗ್ಬೋದು, ಧರ್ಮ ಕೇಳಲ್ಲ ದುಡ್ಡು ಕೇಳಲ್ಲ. ಚಳಿಗಾಲದಲ್ಲಿ ರೈಲು ತಡ ಆಗಿ ಮ್ಯೂನಿಕ್‌ನಲ್ಲಿ ರಾತ್ರಿ ಸಿಕ್ಕಾಕೊಂಡೆ, ಅಲ್ಲಿ ಕೂರಿಸಿ ಬಿಸಿ ಟೀ ಬ್ರೆಡ್ ಕೊಟ್ರು. ಕೊಟ್ಟಾಕೆ ರಿಟೈರ್ ಆದ ಟೀಚರ್, ಸಂಬಳ ಇಲ್ದೆ ಬರ್ತಾರೆ. ವಯಸ್ಸಾದೋರಿಗೆ ರೈಲು ಬದಲಾಯಿಸೋಕೂ ಕೈ ಹಿಡ್ದು ಸಹಾಯ ಮಾಡ್ತಾರೆ, ಮೊದ್ಲೇ ಫೋನ್ ಮಾಡಿ ಹೇಳಿದ್ರೆ ಒಳ್ಳೇದು.

ಆಗುಂಬೆ ಮಳೆ:
ಗುರುದ್ವಾರ ಮರೀಬೇಡಿ ಯಾರೂ. ಲಂಡನ್ ಸೌತಾಲ್ ಇರ್ಲಿ, ಕೆನಡಾ ಇರ್ಲಿ, ತಲೆಗೆ ಬಟ್ಟೆ ಕಟ್ಕೊಂಡು ಒಳಗೆ ಹೋಗಿ ಕೂತ್ರೆ ಊಟ ಬಡಿಸ್ತಾರೆ. ಯಾರು ಎಲ್ಲಿಯೋರು ಅಂತ ಒಂದು ಮಾತು ಕೇಳಲ್ಲ.

ಟ್ಯಾಂಕ್ ಮೊಹಲ್ಲಾ:
ಎಲ್ಲ ಓದಿದೆ, ಚೆನ್ನಾಗಿದೆ. ಒಂದು ಮಾತು ಹೇಳ್ಲಾ, ಎಲ್ಲರಿಗೂ ಒಂದೇ ಥರ ಸಿಗಲ್ಲ ಈ ಒಳ್ಳೇತನ. ನನ್ನ ಹೆಸರು, ಗಡ್ಡ ನೋಡಿದ ಕೂಡ್ಲೆ ಒಂದು ಏರ್‌ಪೋರ್ಟಲ್ಲಿ ಪಕ್ಕದ ರೂಮಿಗೆ ಕರ್ಕೊಂಡು ಹೋಗಿ ಗಂಟೆಗಟ್ಲೆ ಕೂರಿಸಿದ್ರು, ಜೊತೆಗಿದ್ದ ನನ್ನ ಕಂಪನಿಯೋರೆಲ್ಲ ಹೊರಗೆ ಹೋಗಿ ಟ್ಯಾಕ್ಸಿ ಹತ್ತಿದ್ರು. ರೋಡಲ್ಲಿ ದಾರಿ ಕೇಳಿದ್ರೆ ಕೇಳಿಸದ ಹಂಗೆ ಹೋಗೋರೂ ಇದಾರೆ, ಅದೇ ಪ್ರಶ್ನೆ ನನ್ನ ಬಿಳಿ ಕಲೀಗ್ ಕೇಳಿದ್ರೆ ನಿಂತು ಮ್ಯಾಪ್ ತೆಗೀತಾರೆ. ಜಗತ್ತೆಲ್ಲ ಒಳ್ಳೇದು ಅಂತ ಬರೆಯೋರು ಇದನ್ನೂ ಬರೀಬೇಕು.

ಆದ್ರೆ ಆ ದಿನ ಹೊರಗೆ ಬಂದಾಗ ವಿಮಾನದಲ್ಲಿ ಪಕ್ಕ ಕೂತಿದ್ದ ವಯಸ್ಸಾದ ಮನುಷ್ಯ ನನ್ನ ಬ್ಯಾಗನ್ನ ಬೆಲ್ಟಿಂದ ಇಳಿಸಿ ಅದರ ಪಕ್ಕನೇ ನಿಂತಿದ್ದ. ಯಾರೋ ತಗೊಂಡು ಹೋಗ್ತಾರೆ ಅಂತ ನಿಂತೆ ಅಂದ. ಮನೆಯೋರು ಹೊರಗೆ ಅವನಿಗೋಸ್ಕರ ಕಾಯ್ತಿದ್ರು ಅಷ್ಟು ಹೊತ್ತು. ಆ ರೂಮಿನ ಸಿಟ್ಟು ಇನ್ನೂ ಹೋಗಿಲ್ಲ ನಂಗೆ, ಈ ಮನುಷ್ಯನೂ ಮರ್ತಿಲ್ಲ.

ಕೊಪ್ಪದ ಕಾಫಿ:
ನೀವು ಇದನ್ನ ಬರ್ದಿದ್ದು ಒಳ್ಳೇದಾಯ್ತು ಭಾಯ್. ಹೆಂಗಸ್ರಿಗೂ ಇದೇ, ಗಂಡಸ್ರು ಯಾರ ಗಾಡಿ ಬೇಕಾದ್ರೂ ಹತ್ತಿ ಕತೆ ಹೇಳ್ತಾರೆ, ನಾವು ಹತ್ತೋ ಮುಂಚೆ ಗಾಡಿ ನಂಬರ್ ಫೋಟೋ ತೆಗ್ದು ಮನೆಗೆ ಕಳ್ಸಿ ಆಮೇಲೆ ಹತ್ಬೇಕು. ನಾನಂತೂ ಡ್ರೈವರ್ ಎದುರಿಗೇ ತೆಗೀತೀನಿ, ಒಳ್ಳೇ ಮನುಷ್ಯ ಆದ್ರೆ ಬೇಜಾರು ಮಾಡ್ಕೊಳಲ್ಲ.

ಸಾಗರ ಟು ಟೊರಾಂಟೊ:
ಕೆನಡಾದಲ್ಲಿ ಇರೋರಿಗೆಲ್ಲ ಗೊತ್ತಿರೋ ಕತೆ, ಅಮ್ಮಂಗೆ ಓದಿ ಹೇಳೋಕೆ ಇದು ಬಹಳ ಚೆನ್ನಾಗಿದೆ. 2001 ಸೆಪ್ಟೆಂಬರ್ 11ಕ್ಕೆ ಅಮೆರಿಕ ಆಕಾಶನೇ ಮುಚ್ಚಿದ್ರಲ್ಲ, ಆಗ ಅಟ್ಲಾಂಟಿಕ್ ಮೇಲಿದ್ದ 38 ದೊಡ್ಡ ವಿಮಾನ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಗ್ಯಾಂಡರ್ ಅನ್ನೋ ಪುಟ್ಟ ಊರಲ್ಲಿ ಇಳಿದ್ವು. ಊರಿನ ಜನಸಂಖ್ಯೆ 10,000ದ ಹತ್ರ, ಇಳಿದೋರು 6,500ಕ್ಕೂ ಮೇಲೆ. ನಮ್ಮ ತೀರ್ಥಹಳ್ಳಿ ಪೇಟೆಗೆ ಒಂದೇ ಮಧ್ಯಾಹ್ನ ಅಷ್ಟು ಜನ ಬಂದು ಇಳಿದ್ರೆ ಹೆಂಗಿರತ್ತೆ ಊಹೆ ಮಾಡಿ. ಸ್ಕೂಲ್ ಬಸ್ ಡ್ರೈವರ್‌ಗಳು ಸ್ಟ್ರೈಕ್‌ನಲ್ಲಿದ್ರು, ಸ್ಟ್ರೈಕ್ ಬಿಟ್ಟು ಬಂದು ಬಸ್ ಓಡಿಸಿದ್ರು. ಶಾಲೆ, ಚರ್ಚು, ಕ್ಲಬ್ಬು ಎಲ್ಲ ಮಲಗೋ ಜಾಗ ಆಯ್ತು. ತಂದು ಸುರಿದ ಊಟ ಇಡೋಕೆ ಜಾಗ ಸಾಲ್ದೆ ಐಸ್ ಮೇಲೆ ಹಾಕಿ ಆಡೋ ಅಂಗಳನೇ ಫ್ರಿಜ್ ಮಾಡ್ಕೊಂಡ್ರು. ಮನೆಗೆ ಕರ್ದು ಸ್ನಾನಕ್ಕೆ ನೀರು ಬಿಟ್ರು. ಆಕಾಶ ತೆಗ್ಯೋ ತನಕ ಹಿಂಗೇ ನಡೀತು.

ಪಕ್ಕದ ಲೂಯಿಸ್‌ಪೋರ್ಟ್‌ನಲ್ಲಿ ಉಳಿದಿದ್ದ ಡೆಲ್ಟಾ ವಿಮಾನದೋರು ವಾಪಸ್ ಹೋಗೋವಾಗ ವಿಮಾನದಲ್ಲೇ ದುಡ್ಡು ಸೇರಿಸಿ ಆ ಊರಿನ ಮಕ್ಕಳಿಗೆ ಸ್ಕಾಲರ್‌ಶಿಪ್ ನಿಧಿ ಮಾಡಿದ್ರು. ಊರಿನೋರು ಯಾರೂ ಒಂದು ಡಾಲರ್ ಇಸ್ಕೊಳ್ತಿರ್ಲಿಲ್ಲ, ಮಕ್ಕಳ ಓದಿಗೆ ಅಂದ್ರೆ ಬೇಡ ಅನ್ನೋಕೆ ಆಗಲ್ಲ ನೋಡಿ.

ಅಡಿಕೆ ದೋಟಿ:
ನಂದೂ ಒಂದು ಇದೆ, ತೈವಾನ್‌ದು. ಮಗ ಅಲ್ಲಿ ಕೆಲಸಕ್ಕಿದ್ದಾಗ ಹೋಗಿದ್ದೆ. ದಕ್ಷಿಣಕ್ಕೆ ಪಿಂಗ್‌ತುಂಗ್ ಅಂತ ಜಿಲ್ಲೆ, ಕಾರ್ ಕಿಟಕಿಯಿಂದ ನೋಡ್ತೀನಿ, ಎರಡೂ ಕಡೆ ಅಡಿಕೆ ತೋಟ! ಇಳಿಸು ಅಂತ ಮಗಂಗೆ ಹಟ ಮಾಡಿ ಇಳ್ದು ಬೇಲಿ ಹತ್ರ ನಿಂತು ಗಿಡ ನೋಡ್ತಿದ್ದೆ. ತೋಟದ ಯಜಮಾನ ಬಂದ, ನನ್ನಷ್ಟೇ ವಯಸ್ಸು. ಮಗನ ಚೀನೀ ಭಾಷೆನೂ ಅಲ್ಲಿ ಸರಿ ನಡೀಲಿಲ್ಲ. ಫೋನಲ್ಲಿ ನಮ್ಮ ತೋಟದ ಫೋಟೋ ತೋರಿಸಿದೆ, ಅಡಿಕೆ ಕೊನೆ (ಗೊನೆ) ಹಿಡ್ಕೊಂಡು ನಿಂತಿರೋದು. ಅಷ್ಟೇ ನೋಡಿ, ಕೈ ಹಿಡ್ದು ಒಳಗೆ ಕರ್ಕೊಂಡು ಹೋದ. ಅವರು ನಮ್ಮ ಹಂಗೆ ಬೇಯಿಸಿ ಒಣಗಿಸಲ್ಲ, ಎಳೇ ಹಸಿರು ಕಾಯಿನೇ ಸುಣ್ಣ ಹಾಕಿ ಜಗಿಯೋದು. ಅವನು ಹಾಕ್ಕೊಟ್ಟ, ನಾನು ನನ್ನ ಚೀಲದಿಂದ ನಮ್ಮ ಕೆಂಪಡಿಕೆ ಕೊಟ್ಟೆ. ಉದ್ದ ಬಿದಿರಿಗೆ ಕತ್ತಿ ಕಟ್ಟಿ ಕೊನೆ ಇಳಿಸೋದು ತೋರಿಸಿದ. ಕೊಳೆರೋಗ ಬಂದ ಕಾಯಿ ಎತ್ತಿ ತೋರಿಸಿ ತಲೆ ಆಡಿಸಿದ, ನಾನೂ ಆಡಿಸಿದೆ. ಸಂಜೆ ತನಕ ಬಿಡ್ಲಿಲ್ಲ, ಅನ್ನ ಸೊಪ್ಪಿನ ಪಲ್ಯ ಹಾಕಿ ಉಣ್ಸೇ ಕಳಿಸಿದ. ಒಂದು ಮಾತೂ ಆಡದೆ ಇಷ್ಟೆಲ್ಲ ಮಾತಾಡಿದ್ವಿ.

ಗಾಡಿಕೊಪ್ಪದವ:
ದೋಟಿ ಅಣ್ಣ, ಅದೇ ತೈವಾನ್ ಸರ್ಕಾರ ಅಡಿಕೆ ಬಿಡಿ ಅಂತ ಪ್ರಚಾರ ಮಾಡ್ತಿದೆ ಗೊತ್ತಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗದೋರು 2004ರಲ್ಲೇ ಅಡಿಕೆನ ಕ್ಯಾನ್ಸರ್ ತರೋ ಮೊದಲ ಪಟ್ಟಿಗೆ ಹಾಕಿದಾರೆ.

ಅಡಿಕೆ ದೋಟಿ:
ಗೊತ್ತು. ನಮ್ಮ ಬೆಳೆಗಾರರ ಸಂಘಟನೆಗಳು ಬರೀ ಅಡಿಕೆ ಬೇರೆ ತಂಬಾಕು ಸೇರಿಸಿದ್ದು ಬೇರೆ ಅಂತ ವಾದ ಮಾಡ್ತಾನೇ ಇದಾವೆ. ಆ ವಿಷಯ ಇನ್ನೊಂದು ಕಡೆ ಜಗಳ ಆಡೋಣ, ನಾನು ಇಲ್ಲಿ ಹೇಳಿದ್ದು ಆ ಮನುಷ್ಯನ ಬಗ್ಗೆ.

ನಿರ್ವಾಹಕರು:
ಅಡಿಕೆ ಮತ್ತು ಕ್ಯಾನ್ಸರ್ ಚರ್ಚೆಗೆ ಬೇರೆ ವಿಷಯ ತೆರೆಯಿರಿ. ಇಲ್ಲಿ ಬೇಡ.

ರಿಪ್ಪನ್‌ಪೇಟೆ:
ಅಡಿಕೆ ಅಂದಾಗ ನೆನಪಾಯ್ತು, ಸಾಮಾನು ಕಟ್ಟೋವಾಗ ಹುಷಾರು. ಬಾಣಂತಿಗೆ ಅಂತ ಗಸಗಸೆ ಕಟ್ಕೊಂಡು ಹೋಗೋರು ಇದಾರೆ, ಯುಎಇಲಿ ಗಸಗಸೆ ಮಾದಕ ವಸ್ತು ಲೆಕ್ಕದಲ್ಲಿ ನಿಷೇಧ. ಗಲ್ಫ್ ಮೇಲೆ ಹೋಗೋರು ಯಾರೂ ಇಟ್ಕೋಬೇಡಿ, ಸುಮ್ನೆ ಯಾಕೆ. ಅಮೆರಿಕದಲ್ಲಿ ಇಳ್ದಾಗ ತಿಂಡಿ ಇದ್ಯಾ ಅಂತ ಕೇಳಿದ್ರೆ ಇದೆ ಅನ್ಲಿ, ಇದ್ದೂ ಇಲ್ಲ ಅಂದ್ರೆ ದಂಡ. ಮಿಡಿ ಉಪ್ಪಿನಕಾಯಿ ಎರಡು ಮೂರು ಕವರ್ ಹಾಕಿ ಕಟ್ಟಿ. ಹಸಿ ಹಣ್ಣು, ಸಸಿ, ಬೀಜ ಬೇಡವೇ ಬೇಡ.

ಮೂರ್ಕೈ:
ಇದು ಎಲ್ಲಕ್ಕಿಂತ ಮುಖ್ಯ: ಯಾರಾದ್ರೂ 'ಈ ಪುಟ್ಟ ಬ್ಯಾಗ್ ಒಂಚೂರು ತಗೊಂಡು ಹೋಗಿ, ಅಲ್ಲಿ ನಮ್ಮೋರು ಬರ್ತಾರೆ' ಅಂದ್ರೆ ಇಲ್ಲ ಅನ್ಬೇಕು. ಅಳ್ತಾ ಕೇಳಿದ್ರೂ ಇಲ್ಲ. ಕನ್ನಡದಲ್ಲೇ ಕೇಳಿದ್ರೂ ಇಲ್ಲ. ಸಹಾಯ ತಗೊಳ್ಳೋದು ಬೇರೆ, ಗುರುತಿಲ್ದೋರ ಸಾಮಾನು ಹೊರೋದು ಬೇರೆ. ಗಲ್ಫ್‌ನಲ್ಲಿ ಹಿಂಗೇ ಬೇರೆಯೋರ ಪೊಟ್ಟಣ ಹಿಡ್ಕೊಂಡು ಜೈಲು ಸೇರಿದೋರು ಇದಾರೆ.

ಕವಲೇದುರ್ಗ:
ಇದಕ್ಕೆ ನನ್ನದೂ ಒಪ್ಪಿಗೆ. ಮತ್ತೆ ಪಾಸ್‌ಪೋರ್ಟ್ ಕಳೆದ್ರೆ ಗಾಬರಿ ಬೇಡ, ಪೊಲೀಸ್ ಕಂಪ್ಲೇಂಟ್ ತಗೊಂಡು ಭಾರತದ ರಾಯಭಾರ ಕಚೇರಿಗೆ ಹೋದ್ರೆ ವಾಪಸ್ ಬರೋಕೆ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡ್ತಾರೆ. ಫೋಟೋಕಾಪಿ ಬೇರೆ ಬ್ಯಾಗಲ್ಲಿ ಇಡಿ. ಅಮೆರಿಕದಲ್ಲಿ ತುರ್ತಿಗೆ 911.

ತುಂಗಾತೀರ:
ಎಲ್ಲ ಓದಿ ಹೇಳಿದೆ. ಅಮ್ಮ ಕೇಳಿದ್ದು ಒಂದೇ, 'ಆ ಜಾರ್ಜಿಯಾ ಅಜ್ಜಿಗೆ ವಾಪಸ್ ಏನು ಕೊಟ್ಲಂತೆ ಆ ಹುಡುಗಿ?' ಅಂತ. ಇವರೆಲ್ಲ ಋಣ ಹೆಂಗೆ ತೀರಿಸಿದ್ರು ಅನ್ನೋದೇ ಅವರ ಯೋಚನೆ.

ಕೊಪ್ಪದ ಕಾಫಿ:
ಅಜ್ಜಿಗೆ ಕೊಡೋಕೆ ಆಗ್ಲೇ ಇಲ್ಲ, ಬಸ್ ಹೊರಟ್ತು. ಊರಿಗೆ ಬಂದ ಮೇಲೆ ಶೃಂಗೇರಿ ಬಸ್‌ಸ್ಟ್ಯಾಂಡಲ್ಲಿ ಯಾರಾದ್ರೂ ಬೋರ್ಡ್ ನೋಡ್ತಾ ನಿಂತಿದ್ರೆ ಹೋಗಿ ಕೇಳ್ತೀನಿ ಎಲ್ಲಿಗೆ ಅಂತ. ಅಮ್ಮಂಗೆ ಹೇಳಿ.

ಜೋಗದ ದಾರಿ:
ನಮ್ಮ ಕಡೆ ಮೊದ್ಲು ಯಾರೇ ಬಂದ್ರೂ ಕಾಲಿಗೆ ನೀರು, ಬೆಲ್ಲ ನೀರು ಕೊಟ್ಟೇ ಆಮೇಲೆ ಯಾರು ಏನು ಅಂತ ಕೇಳ್ತಿದ್ದಿದ್ದು. ಈಗ ಗೇಟಿಗೆ ಬೀಗ, ಸಿಸಿಟಿವಿ. ಹೊರದೇಶದೋರು ಹಿಂಗೆ ಇದಾರೆ ಅಂತ ಹೊಗಳೋಕೆ ಮುಂಚೆ ನಾವು ಹೆಂಗಾಗಿದೀವಿ ನೋಡ್ಕೋಬೇಕು.

ಕಳಸವಳ್ಳಿ:
ಹಂಗೆಲ್ಲ ಅನ್ಬೇಡಿ ಅಣ್ಣ, ಶರಾವತಿ ಹಿನ್ನೀರಿನ ಕಡೆ ಬಂದು ನೋಡಿ. 2025ರಲ್ಲಿ ಸಿಗಂದೂರು ಸೇತುವೆ ಆಗೋಕೆ ಮುಂಚೆ ಕೊನೇ ಲಾಂಚ್ ತಪ್ಪಿದೋರು ಎಷ್ಟು ಜನ ನಮ್ಮೂರ ಮನೆಗಳಲ್ಲಿ ಮಲಗಿಲ್ಲ? ಸೈಕಲ್ಲಲ್ಲಿ ಬಂದ ಜರ್ಮನಿ ಗಂಡ ಹೆಂಡ್ತಿ ಮಳೇಲಿ ನೆನ್ಕೊಂಡು ನಿಂತಿದ್ರು, ಅತ್ತೆ ಕರ್ದು ಒಲೆ ಮುಂದೆ ಕೂರಿಸಿ ಗಂಜಿ ಹಾಕಿದ್ರು, ನನ್ನ ಸೀರೆ ಉಡಿಸಿದ್ರು. ಸೀರೆ ಸಮೇತ ಸೈಕಲ್ ಹತ್ತೋಕೆ ಹೋದ್ಲು ಬೆಳಿಗ್ಗೆ.

ಕವಲೇದುರ್ಗ:
ಕಳಸವಳ್ಳಿ ಅಕ್ಕ, ಒಳ್ಳೇ ಕೆಲಸ ಮಾಡಿದೀರಿ. ಎಲ್ಲರ ಗಮನಕ್ಕೆ ಒಂದು, ಹೊರದೇಶದೋರನ್ನ ರಾತ್ರಿ ಮನೇಲಿ ಉಳಿಸ್ಕೊಂಡ್ರೆ ದುಡ್ಡು ತಗೊಳ್ಳದಿದ್ರೂ 24 ಗಂಟೆ ಒಳಗೆ ಆನ್‌ಲೈನಲ್ಲಿ ಮಾಹಿತಿ ಕೊಡ್ಬೇಕು, ಸಿ ಫಾರ್ಮ್ ಅಂತಾನೇ ಜನ ಕರಿಯೋದು. ಹೋಂಸ್ಟೇಯೋರಿಗೆ ಗೊತ್ತಿರತ್ತೆ, ಮನೆಯೋರಿಗೆ ಗೊತ್ತಿರಲ್ಲ, ಆಮೇಲೆ ಪೊಲೀಸರು ಬಂದು ಕೇಳಿದ್ರೆ ಗಾಬರಿಯಾಗಿ ಮುಂದಿನ ಸಲ ಬಾಗ್ಲೇ ತೆಗಿಯಲ್ಲ.

ಕಳಸವಳ್ಳಿ:
ನಮ್ಮ ಕಡೆ ನೆಟ್ವರ್ಕೇ ಬರಲ್ಲ, ಆನ್‌ಲೈನ್ ಹೆಂಗೆ ಮಾಡೋದು?

ಕವಲೇದುರ್ಗ:
ಹತ್ತಿರದ ಸ್ಟೇಷನ್ನಿಗೆ ಒಂದು ಫೋನ್ ಮಾಡಿ ಹೇಳಿ, ಪಾಸ್‌ಪೋರ್ಟ್ ಮತ್ತೆ ವೀಸಾ ಪುಟದ ಫೋಟೋ ತೆಗ್ದು ಇಟ್ಕೊಳಿ, ಬೆಳಿಗ್ಗೆ ಸಾಗರಕ್ಕೆ ಹೋಗೋರ ಕೈಲಿ ಸೈಬರಲ್ಲಿ ತುಂಬಿಸಿ. ನಂಗೆ ಮೆಸೇಜ್ ಹಾಕಿದ್ರೆ ನಾನೇ ತುಂಬಿ ಕೊಡ್ತೀನಿ, ಹೊತ್ತು ನೋಡ್ಬೇಡಿ.